ಗೆರೆಯ ಕೆಳಗಿನ ಓದು

ಇಪ್ಪತ್ತೊಂಬತ್ತು ವರ್ಷ ಪುಕ್ಕಟೆ ದುಡಿದ ಗಂಟಲಿನ ಮೇಲೆ ಕಳ್ಳತನದ ಆಪಾದನೆ ಬಂದದ್ದು ಒಂದು ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ. ಓದಕ್ಕ ಆಗಷ್ಟೇ ಕೊಡೆ ಮಡಚಿ ಮೂಲೆಗಿಟ್ಟು, ಕಂಪ್ಯೂಟರಿನ ಗುಂಡಿ ಒತ್ತಿ, ಉಸ್ಸಪ್ಪಾ ಎಂದು ಕುರ್ಚಿಗೆ ಒರಗಿದ್ದಳು. ಪರದೆ ಬೆಳಗಿತು, ಪುಸ್ತಕಗಳ ಪಟ್ಟಿ ಬಂತು. ದಿನವೂ ಪ್ರತಿ ಹೆಸರಿನ ಮುಂದೆ ಒಂದು ಹಸಿರು ಚುಕ್ಕೆ ಇರುತ್ತಿತ್ತು. ಅವತ್ತು ಮೇಲಿಂದ ಕೆಳಗಿನವರೆಗೂ ಕೆಂಪು, ದಡಾರ ಎದ್ದ ಮೈಯ ಹಾಗೆ.

ಮುನ್ನೂರ ಹನ್ನೆರಡು ಪುಸ್ತಕ. ಅಷ್ಟೂ ಅವಳೇ ಓದಿದ್ದು. ಪ್ರತಿಯೊಂದರ ಕೆಳಗೂ ಒಂದೇ ಒಕ್ಕಣೆ: "ಈ ಧ್ವನಿ ಇನ್ನೊಬ್ಬರ ಸ್ವತ್ತು. ಅನುಮತಿ ಇಲ್ಲದ ನಕಲು ಎಂದು ಕಂಡುಬಂದಿರುವುದರಿಂದ ತಡೆಹಿಡಿಯಲಾಗಿದೆ. ಹತ್ತು ದಿನಗಳ ನಂತರ ಅಳಿಸಲಾಗುವುದು."

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಓದಿದಳು. ಅಕ್ಷರ ಬದಲಾಗಲಿಲ್ಲ.

ಅದು ಕಣ್ಣಿಲ್ಲದವರಿಗೆ ಪುಸ್ತಕ ಓದಿ ಧ್ವನಿಮುದ್ರಿಸಿ ಕೊಡುವ ಗ್ರಂಥಾಲಯ. ಗ್ರಂಥಾಲಯ ಎಂದರೆ ದೊಡ್ಡದೇನಲ್ಲ. ಒಂದು ಹಳೆಯ ಕಟ್ಟಡದ ಎರಡನೇ ಮಹಡಿ, ಮುಂದೊಂದು ಆಫೀಸು, ಹಿಂದೊಂದು ಗೂಡಿನಂಥ ಕೋಣೆ. ಆ ಕೋಣೆಯ ಗೋಡೆಗೆಲ್ಲ ಹಳೆ ಕಂಬಳಿ ಹೊಡೆದಿದ್ದರು, ಹೊರಗಿನ ಬಸ್ಸಿನ ಹಾರ್ನು ಒಳಗೆ ಬರಬಾರದೆಂದು. ಮೇಜಿನ ಮೇಲೂ ಒಂದು ಮಡಿಕೆ ಕಂಬಳಿ. ಫ್ಯಾನು ಹಾಕುವ ಹಾಗಿಲ್ಲ, ಮೈಕಿಗೆ ಕೇಳಿಸುತ್ತದೆ. ಬೇಸಿಗೆಯಲ್ಲಿ ಅಲ್ಲಿ ಕೂತು ಓದಿ ಹೊರಬಂದರೆ ಇಡ್ಲಿ ಪಾತ್ರೆಯಿಂದ ತೆಗೆದ ಹಾಗೆ ಇರುತ್ತಿದ್ದಳು. ಶುರುವಿನಲ್ಲಿ ಓದುವವರು ಹನ್ನೊಂದು ಜನ ಇದ್ದರು. ಒಬ್ಬರಿಗೆ ಮದುವೆಯಾಯಿತು, ಒಬ್ಬರಿಗೆ ಮೊಮ್ಮಗು ಬಂತು, ಒಬ್ಬರಿಗೆ ಬೇಜಾರು ಬಂತು. ಉಳಿದವಳು ಇವಳೊಬ್ಬಳು. ಅಂಚೆ ಕಚೇರಿಯ ಕೆಲಸ ಮುಗಿಸಿ, ಸಂಜೆ ಎರಡು ಗಂಟೆ ಓದಿ, ಮನೆಗೆ ಹೋಗುವುದು. ನಿವೃತ್ತಿಯಾದ ಮೇಲೆ ಬೆಳಿಗ್ಗೆಯೇ ಬರತೊಡಗಿದಳು. ಕೇಳುವವರು ಅವಳ ಹೆಸರನ್ನೇ ಮರೆತು ಓದಕ್ಕ ಅಂದರು. ಅವಳೂ ಮರೆತಳೋ ಏನೋ.

ಈಗ ಎರಡು ವರ್ಷದಿಂದ ಓದುವುದು ನಿಂತಿತ್ತು. ಗಂಟಲಲ್ಲಿ ಒಂದು ಗಂಟು ಎದ್ದು, ಡಾಕ್ಟರು ತೆಗೆದು ಹಾಕಿ, "ಇನ್ನು ಜಾಸ್ತಿ ಮಾತಾಡಬೇಡಿ ಅಮ್ಮಾ" ಎಂದಿದ್ದರು. ಉಳಿದ ಧ್ವನಿ ತಗಡಿನ ಮೇಲೆ ಮರಳು ಉಜ್ಜಿದ ಹಾಗಿತ್ತು. ಆದರೂ ಬರುವುದು ಬಿಡಲಿಲ್ಲ. ಪಟ್ಟಿ ನೋಡುವುದು, ಯಾರಿಗೆ ಯಾವ ಪುಸ್ತಕ ಬೇಕು ಕೇಳಿ ಅವರ ಫೋನಿಗೆ ಕಳಿಸುವುದು, ಹೀಗೆ ಏನೋ ಒಂದು.

ಹೊರಗಿನ ಮೇಜಿನಲ್ಲಿ ಸೆಕ್ರೆಟರಿ ಕೂತಿದ್ದರು. ಆರನೇ ವಯಸ್ಸಿಗೆ ಕಣ್ಣು ಹೋದ ಮನುಷ್ಯ, ಈಗ ಎಪ್ಪತ್ತೊಂದು. ಮೆಟ್ಟಿಲು ಹತ್ತುವ ಚಪ್ಪಲಿಯ ಸದ್ದಿನಲ್ಲೇ ಯಾರು ಬಂದರು, ಯಾವ ಮೂಡಿನಲ್ಲಿದ್ದಾರೆ ಎಂದು ಹೇಳಬಲ್ಲವರು. ಒಮ್ಮೆ ಕಿವಿಗೆ ಬಿದ್ದದ್ದು ಅವರ ತಲೆಯಿಂದ ಹೋಗುತ್ತಿರಲಿಲ್ಲ.

"ಏನಕ್ಕಾ, ಸದ್ದಿಲ್ಲ?" ಎಂದರು.

"ಸಾರ್, ನಾನು ಕಳ್ಳಿಯಂತೆ."

"ಗೊತ್ತಿತ್ತು ಬಿಡಿ. ಹೋದ ವರ್ಷ ನನ್ನ ಪೆನ್ನು ಹೋಗಿತ್ತು."

"ತಮಾಷೆ ಅಲ್ಲ ಸಾರ್." ಅವಳು ಒಕ್ಕಣೆ ಓದಿ ಹೇಳಿದಳು.

ಸೆಕ್ರೆಟರಿ ಬಾಯಿಗೆ ತಂದಿದ್ದ ಟೀ ಲೋಟ ಹಾಗೇ ಕೆಳಗಿಟ್ಟರು. ಯಾಕೆಂದರೆ ಅಳಿಸಿದರೆ ಉಳಿಯುವುದು ಏನೂ ಇರಲಿಲ್ಲ. ಮೊದಲಿದ್ದದ್ದು ಕ್ಯಾಸೆಟ್ಟುಗಳು. ನಾಲ್ಕು ವರ್ಷದ ಕೆಳಗೆ ಅವಕ್ಕೆ ಬೂಷ್ಟು ಹಿಡಿದು, ಟೇಪು ಟೇಪಿಗೆ ಅಂಟಿಕೊಳ್ಳುತ್ತಿದ್ದಾಗ ಒಂದು ಕಂಪನಿ ತಾನಾಗಿ ಮುಂದೆ ಬಂದಿತ್ತು: ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಕೊಡುತ್ತೇವೆ, ನಮ್ಮ ದೊಡ್ಡ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುತ್ತೇವೆ, ಒಂದು ಪೈಸೆ ಬೇಡ. ಕ್ಯಾಸೆಟ್ಟುಗಳನ್ನು ಆಮೇಲೆ ಗುಜರಿಗೆ ಹಾಕಿದರು. ಆ ಕಂಪನಿಯ ಯಂತ್ರವೇ ಈಗ ಕಳ್ಳತನ ಹಿಡಿದಿತ್ತು.

ಅಷ್ಟರಲ್ಲಿ ಮೆಟ್ಟಿಲಿನಲ್ಲಿ ಕೋಲಿನ ಟಕ್ ಟಕ್. "ಟೈಪಿಸ್ಟಮ್ಮ. ಸಿಟ್ಟಲ್ಲಿದ್ದಾರೆ," ಎಂದರು ಸೆಕ್ರೆಟರಿ.

ಟೈಪಿಸ್ಟಮ್ಮ ಕೋರ್ಟಿನಲ್ಲಿ ಮೂವತ್ತು ವರ್ಷ ಟೈಪು ಕುಟ್ಟಿದವರು, ಹುಟ್ಟಿನಿಂದಲೇ ಕಣ್ಣಿಲ್ಲ. ಬಂದವರೇ ನಿಂತಲ್ಲಿಂದಲೇ ಶುರು ಮಾಡಿದರು. "ಓದಕ್ಕಾ, ನನ್ನ ಹದಿನೆಂಟನೇ ಅಧ್ಯಾಯ ಎಲ್ರೀ? ಆ ಹುಡುಗಿ ಬಾವಿಕಟ್ಟೆ ಮೇಲೆ ಕಾಲು ಇಟ್ಟು ನಿಂತಿದ್ಲು. ನಿನ್ನೆ ಸಂಜೆಯಿಂದ ಅಲ್ಲೇ ನಿಂತಿದಾಳೆ. ಹಾರಿದ್ಲೋ ಇಲ್ವೋ? ನನಗೆ ಊಟ ಸೇರಲಿಲ್ಲ."

"ಎಲ್ಲಾ ನಿಲ್ಲಿಸಿಬಿಟ್ಟಿದಾರೆ ಅಮ್ಮಾ. ನನ್ನ ಧ್ವನಿ ನಂದಲ್ವಂತೆ."

"ಅಯ್ಯೋ, ಈಗರ್ಥ ಆಯ್ತು." ಟೈಪಿಸ್ಟಮ್ಮ ಕುರ್ಚಿ ತಡವಿ ಕೂತರು. "ನಮ್ಮಳಿಯ ಫೋನಿಗೆ ಯಾವುದೋ ಆಡಿಯೋ ಬುಕ್ಕಿನದು ಹಾಕಿಕೊಟ್ಟ, ಒಂದು ವಾರ ಬಿಟ್ಟಿ ಕೇಳ್ಬಹುದು ಅಂತ. ಇತಿಹಾಸದ ಪುಸ್ತಕ ಒತ್ತಿದೆ. ನೋಡಿದ್ರೆ ನೀವು! ಅಬ್ಬ, ಗಂಟಲು ವಾಸಿ ಆಯ್ತಲ್ಲ, ನಮಗೊಂದು ಮಾತು ಹೇಳಬಾರದಾ ಅಂತ ಬೈಕೊಂಡೆ. ಎರಡನೇ ಪುಟಕ್ಕೆ ಗೊತ್ತಾಯ್ತು ನೀವಲ್ಲ ಅಂತ."

"ಹ್ಯಾಗೆ?"

"ಅಡಿಟಿಪ್ಪಣಿ ಓದಿದ್ರಿ."

ಇದು ಆ ಗೂಡಿನ ಕೋಣೆಯ ಕಟ್ಟಳೆ. ಓದಕ್ಕ ಸೇರಿದ ಮೊದಲ ವರ್ಷ ಒಂದು ದೊಡ್ಡ ಪುಸ್ತಕವನ್ನು ಅಡಿಟಿಪ್ಪಣಿ ಸಮೇತ ಓದಿಬಿಟ್ಟಿದ್ದಳು. ಸೆಕ್ರೆಟರಿ ಕೇಳಿ ತಲೆ ಚಚ್ಚಿಕೊಂಡಿದ್ದರು: "ಅಕ್ಕಾ, ಕಣ್ಣಿದ್ದೋರು ಆ ಚಿಕ್ಕ ಅಕ್ಷರ ಬಿಟ್ಟು ಮುಂದೆ ಹೋಗ್ತಾರೆ. ನಮಗೆ ಕಿವಿ ಮುಚ್ಚಿಕೊಳ್ಳೋಕೆ ಆಗುತ್ತಾ? ರಾಜ ಕತ್ತಿ ಎತ್ತಿದಾನೆ, ನೀವು ನಡುವೆ 'ನೋಡಿ ಸಂಪುಟ ಮೂರು, ಪುಟ ನಲವತ್ತು' ಅಂತೀರಿ. ಗೆರೆ ಕೆಳಗಿಂದು ಓದಬೇಡಿ." ಅಂದಿನಿಂದ ಓದಲಿಲ್ಲ. ಪುಟದ ಕೆಳಗೆ ಆ ಸಣ್ಣ ಗೆರೆ ಕಂಡ ಕೂಡಲೇ ಅವಳ ಎಡಗೈ ತಾನಾಗಿ ಪುಟ ತಿರುಗಿಸಿಬಿಡುತ್ತಿತ್ತು. ಮನೆಯಲ್ಲಿ ಔಷಧದ ಚೀಟಿ ಓದುವಾಗಲೂ ಅದೇ ಗತಿ.

ಟೈಪಿಸ್ಟಮ್ಮ ಫೋನು ಒತ್ತಿದರು. ನಲವತ್ತೈದರ ವಯಸ್ಸಿನ ಓದಕ್ಕ ಓದತೊಡಗಿದಳು. ತುಂಬಿದ ಕೊಡದಂಥ ಧ್ವನಿ, ಎಲ್ಲೂ ತುಳುಕದೆ. ಅವಳು ಎಂದೂ ಕೈಯಲ್ಲಿ ಹಿಡಿಯದ ಪುಸ್ತಕ. ಅಲ್ಪವಿರಾಮಕ್ಕೆ ಅವಳ ಹಾಗೇ ಅರೆ ಉಸಿರು ನಿಲ್ಲಿಸುತ್ತಿತ್ತು. ಬಸ್ಸಿನಲ್ಲಿ ಬಿಟ್ಟು ಬಂದ ಕೊಡೆಯನ್ನು ಬೇರೆ ಯಾರೋ ಹಿಡಿದುಕೊಂಡು ಎದುರಿನ ಫುಟ್‌ಪಾತಿನಲ್ಲಿ ಹೋಗುವುದನ್ನು ನೋಡಿದ ಹಾಗಾಯಿತು ಅವಳಿಗೆ. ಕೂಗಬೇಕೆನಿಸುತ್ತದೆ. ಕೂಗಿ ಏನು ಹೇಳುವುದು?

"ನಿಲ್ಸಿ ಅಮ್ಮಾ, ಸಾಕು," ಎಂದಳು.

ಕಂಪನಿಯವನು ಮರುದಿನ ಬಂದ. ಫೋನಿನಲ್ಲಿ ಸೆಕ್ರೆಟರಿ ಹಾಕಿದ ಗಲಾಟೆಗೆ ಬರಲೇಬೇಕಾಯಿತು. ಕೆಟ್ಟವನಲ್ಲ, ಹೇಳಬೇಕಾದ ಮಾತು. ಕಣ್ಣಿನ ಕೆಳಗೆ ಚೀಲ, ಕೈಯಲ್ಲಿ ಚೀಲ, ಎರಡೂ ಭಾರ. ಅವತ್ತು ಇದು ಅವನಿಗೆ ಮೂರನೇ ತಕರಾರಂತೆ. ಒಬ್ಬ ಪಿಟೀಲು ಮೇಷ್ಟ್ರು ತಾನೇ ನುಡಿಸಿದ್ದನ್ನು ಹಾಕಿ ಸಿಕ್ಕಿಬಿದ್ದಿದ್ದರು.

"ಕಣ್ಣಿಲ್ಲದೋರಿಗೆ ಓದಿಕೊಡೋಕೆ ಕಾನೂನಲ್ಲಿ ಅಡ್ಡಿ ಇಲ್ಲ ಸಾರ್, ಅದು ನನಗೂ ಗೊತ್ತು," ಎಂದ. "ಆದ್ರೆ ನಮ್ಮ ಯಂತ್ರಕ್ಕೆ ಕಾನೂನು ಗೊತ್ತಿಲ್ಲ. ಅದಕ್ಕೆ ಹೋಲಿಕೆ ಗೊತ್ತು ಅಷ್ಟೆ. ನಮ್ಮ ಆಡಿಯೋ ಬುಕ್ಕುಗಳನ್ನ ಕದ್ದು ಎಲ್ಲಾ ಕಡೆ ಹಂಚ್ತಿದಾರೆ, ಒಂದು ಹಾಕಿದ್ರೆ ಸಂಜೆಗೆ ನೂರು ನಕಲು. ಅದಕ್ಕೆ ಈ ತಿಂಗಳು ಕಾವಲು ಬಿಗಿ ಮಾಡಿದ್ರು. ನಮ್ಮ ಧ್ವನಿ ಎಲ್ಲಿ ಕೇಳಿಸಿದ್ರೂ ಹಿಡಿ ಅಂತ."

"ನಿಮ್ಮ ಧ್ವನಿ?" ಎಂದರು ಸೆಕ್ರೆಟರಿ. "ನಿಮ್ಮ ಧ್ವನಿ ಇಲ್ಲೇ ಮೂಲೆಯಲ್ಲಿ ಕೂತು ಬಿಸ್ಕತ್ತು ತಿಂತಿದೆ. ಆ ಹೋಲಿಕೆ ಯಾಕೆ ಬಂತು ಅಂತ ಯಂತ್ರ ಕೇಳಲಿಲ್ವಾ?"

ಅವನು ಚೀಲದಿಂದ ಒಂದು ಪತ್ರ ತೆಗೆದು ಓದಕ್ಕನ ಮುಂದಿಟ್ಟ. ನಾಲ್ಕು ವರ್ಷದ ಹಿಂದಿನ ಒಪ್ಪಂದ. ಮೂರನೇ ಪುಟದಲ್ಲಿ, "ಧ್ವನಿಮುದ್ರಣಗಳನ್ನು ಕಂಪನಿಯು ಕಾಪಾಡತಕ್ಕದ್ದು" ಎಂಬಲ್ಲಿ, 'ಧ್ವನಿಮುದ್ರಣ' ಪದದ ತಲೆಯ ಮೇಲೆ ಒಂದು ಚಿಕ್ಕ ನಕ್ಷತ್ರ. ಅವನ ಬೆರಳು ಪುಟದ ತಳಕ್ಕಿಳಿಯಿತು. ಅಲ್ಲಿ ಒಂದು ಗೆರೆ. ಗೆರೆಯ ಕೆಳಗೆ ಇರುವೆ ಸಾಲಿನಂಥ ಅಕ್ಷರ.

ಓದಕ್ಕ ಓದಿದಳು. ಕೈಯಲ್ಲಿದ್ದ ಬಿಸ್ಕತ್ತು ಕೈಯಲ್ಲೇ ಉಳಿಯಿತು.

"ನಮ್ಮ ಹಕ್ಕು ಇಲ್ಲಿಂದ ಬಂದಿರೋದು," ಎಂದ ಅವನು ಮೆಲ್ಲಗೆ. "ಈ ಧ್ವನಿಯಿಂದ ಯಂತ್ರಕ್ಕೆ ಓದೋದು ಕಲಿಸಬಹುದು ಅಂತ ಇದರಲ್ಲೇ ಇದೆ. ನಮ್ಮ ಆಡಿಯೋ ಬುಕ್ಕೆಲ್ಲ ಆ ಯಂತ್ರ ಓದಿದ್ದೇ."

"ಸುಳ್ಳು!" ಸೆಕ್ರೆಟರಿ ಮೇಜು ಗುದ್ದಿದರು. "ಹಾಗೇನೂ ಇರಲೇ ಇಲ್ಲ. ಅಕ್ಕ ನನಗೆ ಅಕ್ಷರ ಅಕ್ಷರ ಓದಿ ಹೇಳಿದಾರೆ. ಮೂರನೇ ಪುಟ ತಾನೇ? ಕೇಳಿಸ್ಕೊಳ್ಳಿ." ಅಂದವರೇ ಮೂರನೇ ಪುಟವನ್ನು ಗಿಳಿಯ ಹಾಗೆ ಒಪ್ಪಿಸಿದರು. ಒಂದು ಪದ ತಪ್ಪಲಿಲ್ಲ. ಗೆರೆಯವರೆಗೆ ಬಂದು, ಅಲ್ಲಿಂದ ನೇರ ನಾಲ್ಕನೇ ಪುಟಕ್ಕೆ ಹಾರಿದರು. "ಎಲ್ಲಿದೆ ನಿಮ್ಮ ಹಕ್ಕು? ಆಮೇಲೆ ತುರುಕಿದೀರಿ. ಕಣ್ಣಿಲ್ಲದೋನ ಸಹಿ ಹಾಕಿಸ್ಕೊಂಡು ಪುಟ ಬದಲಾಯಿಸಿದೀರಿ. ಶುಕ್ರವಾರ ನಮ್ಮ ಸಭೆ ಇದೆ. ಎಲ್ಲರ ಮುಂದೆ ಹೇಳ್ತೀನಿ, ಪೊಲೀಸಿಗೂ ಕೊಡ್ತೀನಿ. ನನ್ನ ಕಿವಿನೇ ಸಾಕ್ಷಿ."

ಕಂಪನಿಯವನು ಓದಕ್ಕನ ಮುಖ ನೋಡಿದ. ಕೊನೆಯ ಪುಟದಲ್ಲಿ ಸೆಕ್ರೆಟರಿಯ ಸಹಿಯ ಪಕ್ಕ "ಪೂರ್ತಿಯಾಗಿ ಓದಿ ಹೇಳಿದ್ದೇನೆ" ಎಂದು ಬರೆದು ಅವಳೇ ಸಹಿ ಹಾಕಿದ್ದಳು, ದುಂಡಗೆ, ಅಂಚೆ ಕಚೇರಿಯ ಅಕ್ಷರದಲ್ಲಿ. ಅವಳು ಮುಖ ಆಚೆ ತಿರುಗಿಸಿದಳು. ಅವನು ಪತ್ರದ ಒಂದು ಪ್ರತಿ ಅಲ್ಲೇ ಬಿಟ್ಟು, "ಬಿಡಿಸೋ ಅಧಿಕಾರ ನನ್ನ ಕೈಲಿಲ್ಲಮ್ಮ. ಇದ್ದಿದ್ರೆ ಬಿಡಿಸ್ತಿದ್ದೆ," ಎಂದು ಮೆಟ್ಟಿಲಿಳಿದು ಹೋದ.

ಮನೆಯಲ್ಲಿ ತಂಗಿ ತರಕಾರಿ ಹೆಚ್ಚುತ್ತಿದ್ದಳು. ಇಬ್ಬರೇ ಇರುವ ಮನೆ. ತಂಗಿ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದವಳು, ಯಾರ ಮುಖ ನೋಡಿದರೂ ಜ್ವರ ಎಷ್ಟಿದೆ ಎಂದು ಹೇಳುವಂಥವಳು.

"ಏನೇ ಅಕ್ಕ, ಯಾರೋ ಹೊಡೆದ ಹಾಗಿದೀಯ?"

ಓದಕ್ಕ ಎಲ್ಲ ಹೇಳಿದಳು. ಗೆರೆ ಕಂಡದ್ದು, ಕೈ ಪುಟ ತಿರುಗಿಸಿದ್ದು. ಅವತ್ತು ಆ ನಕ್ಷತ್ರ ಕಣ್ಣಿಗೆ ಬಿದ್ದಿತ್ತು ಎಂಬುದೂ ಈಗ ನೆನಪಾಯಿತು. ಬಿದ್ದಿತ್ತು, ಆದರೆ ಅದು ಅವಳಿಗೆ ನೊಣದ ಹಿಕ್ಕೆಯ ಲೆಕ್ಕ.

ತಂಗಿ ಚಾಕು ಕೆಳಗಿಡಲಿಲ್ಲ. "ಅವರಿಗೆ ಕಣ್ಣಿಲ್ಲ. ನೀನು ಹೇಳದಿದ್ರೆ ಯಾರು ಹೇಳ್ತಾರೆ? ಕಂಪನಿ ಮೇಲೆ ಕೂಗಾಡಲಿ ಬಿಡು. ಅವರೇನು ಸಾಚಾಗಳಾ? ಅಷ್ಟು ಚಿಕ್ಕದಾಗಿ ಬರೆಯೋನ ಕೈ ಸೇದಿಹೋಗ."

"ಪುಟ ಬದಲಾಯಿಸಿದಾರೆ ಅಂತ ಕೂಗ್ತಾರೆ ಕಣೆ. ಬದಲಾಯಿಸಿಲ್ಲ. ಹತ್ತು ಜನರ ಮುಂದೆ ಅವರ ಮಾತು ಸುಳ್ಳಾಗುತ್ತೆ."

"ಆಗಲಿ. ವಯಸ್ಸಾಯ್ತು, ಮರೆವು ಅಂತಾರೆ."

"ಅದೇ," ಎಂದಳು ಓದಕ್ಕ. "ಅವರಿಗೆ ಇರೋದೇ ಆ ನೆನಪು. ಅದನ್ನೂ ಮರೆವು ಅಂತ ಮಾಡೋದಾ ನಾನು?"

ತಂಗಿ ಹೆಚ್ಚಿದ ತರಕಾರಿಯನ್ನು ಪಾತ್ರೆಗೆ ಸುರಿದಳು. ಆಮೇಲೆ ಅಂದಳು, "ಹಾಗಿದ್ರೆ ನಾಳೆನೇ ಹೇಳು. ಶುಕ್ರವಾರದ ತನಕ ಇಟ್ಕೊಂಡ್ರೆ ನಿನಗೆ ಜ್ವರ ಬರುತ್ತೆ. ನಿನಗೆ ಗಂಜಿ ಬೇಯಿಸೋಕೆ ನನ್ನಿಂದಾಗಲ್ಲ."

ಗುರುವಾರ ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಓದಕ್ಕನಿಗೆ ಏದುಸಿರು. ಅರ್ಧದಲ್ಲಿ ನಿಂತು ಗೋಡೆ ಹಿಡಿದುಕೊಂಡಳು. ಹೇಳಿದರೆ ಈ ಮನುಷ್ಯ ಇನ್ನು ಮುಂದೆ ನನ್ನ ಓದನ್ನು ನಂಬುವುದಿಲ್ಲ, ಬಾಗಿಲು ತೋರಿಸಿದರೂ ತೋರಿಸಿಯಾರು. ತೋರಿಸಿದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು? ಈ ಯೋಚನೆ ಮಾಡಿಕೊಂಡೇ ಉಳಿದ ಮೆಟ್ಟಿಲು ಹತ್ತಿದಳು.

"ಚಪ್ಪಲಿ ಎಳ್ಕೊಂಡು ಬರ್ತಿದೀರಿ," ಎಂದರು ಸೆಕ್ರೆಟರಿ. "ಏನೋ ಹೇಳೋದಿದೆ."

"ಹೌದು ಸಾರ್. ಕಂಪನಿಯೋರು ಪುಟ ಬದಲಾಯಿಸಿಲ್ಲ. ಅದು ಮೊದಲಿಂದ ಇತ್ತು. ಗೆರೆ ಕೆಳಗಿತ್ತು. ನಾನು ಓದಲಿಲ್ಲ."

ಕೆಳಗೆ ಬೀದಿಯಲ್ಲಿ ಯಾರೋ ಶಟರ್ ಎಳೆದು ತೆರೆದರು. ಸೆಕ್ರೆಟರಿ ಆ ಕಡೆಗೇ ಕಿವಿಯಿಟ್ಟು ಕೂತಿದ್ದರು, ಅದೇನೋ ಮುಖ್ಯವಾದದ್ದು ಎಂಬ ಹಾಗೆ.

"ಬೇಕಂತ ಬಿಟ್ರಾ?"

"ಇಲ್ಲ ಸಾರ್. ಗೆರೆ ಬಂತು, ಪುಟ ತಿರುಗಿಸಿದೆ."

"ಪೂರ್ತಿ ಓದಿದೀನಿ ಅಂತ ಸಹಿ ಹಾಕಿದ್ರಿ."

"ಪೂರ್ತಿ ಓದಿದೆ ಅಂತಲೇ ಅಂದ್ಕೊಂಡಿದ್ದೆ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಮುಖ ಉಜ್ಜಿಕೊಂಡು, "ಗೆರೆ ಕೆಳಗಿಂದು ಓದಬೇಡಿ ಅಂದೋನು ನಾನೇ ಅಲ್ವಾ," ಎಂದರು. "ರಾಜ ಕತ್ತಿ ಎತ್ತಿದ್ದ. ನನಗೆ ಅವಸರ."

"ಅದು ಕಥೆಗೆ ಸಾರ್. ಇದು ಒಪ್ಪಂದ. ನನಗೆ ಬುದ್ಧಿ ಇರಬೇಕಿತ್ತು."

"ಇರಬೇಕಿತ್ತು," ಎಂದು ಒಪ್ಪಿಕೊಂಡರು ಸೆಕ್ರೆಟರಿ. ಆ ವಿಷಯದಲ್ಲಿ ಅವರು ಸುಮ್ಮನೆ ಸಮಾಧಾನ ಹೇಳುವವರಲ್ಲ. "ಮುನ್ನೂರ ಹನ್ನೆರಡು ಪುಸ್ತಕ ಅಕ್ಕಾ." ಮತ್ತೆ ಅವಳ ಕಡೆ ತಿರುಗಿ, "ಈಗ ಓದಿ. ಆ ಕೋಣೇಲಿ ಕೂತು, ಮೈಕ್ ಹಾಕಿ, ಆ ಒಪ್ಪಂದ ಮೊದಲಿಂದ ಕೊನೆವರೆಗೆ ಓದಿ. ಗೆರೆ ಮೇಲಿಂದು, ಕೆಳಗಿಂದು, ಎಲ್ಲ. ಶುಕ್ರವಾರ ಸಭೇಲಿ ಅದನ್ನೇ ಹಾಕ್ತೀನಿ. ಏನಾಯ್ತು ಅಂತ ನಮ್ಮ ಬಾಯಿಂದ ಕೇಳೋದಕ್ಕಿಂತ ಎಲ್ಲರೂ ಅದನ್ನೇ ಕೇಳಿಬಿಡಲಿ."

"ನನ್ನ ಈ ಗಂಟಲಲ್ಲಿ?"

"ಬೇರೆ ಯಾರ ಗಂಟಲಿದೆ ಇಲ್ಲಿ?"

ಎರಡು ವರ್ಷದ ಮೇಲೆ ಓದಕ್ಕ ಆ ಕೋಣೆಗೆ ಹೋದಳು. ಕಂಬಳಿಯಿಂದ ಮುಗ್ಗಲು ನಾತ. ಬಾಗಿಲು ಮುಚ್ಚಿದಳು, ನೀರು ಕುಡಿದಳು, ಓದತೊಡಗಿದಳು. ಎರಡನೇ ಪುಟಕ್ಕೇ ಧ್ವನಿ ಹರಿದು ಚಿಂದಿಯಾಯಿತು. ಮೂರನೇ ಪುಟದ ಕೆಳಗೆ ಗೆರೆ ಬಂದಾಗ ಎಡಗೈ ಎದ್ದೇಬಿಟ್ಟಿತ್ತು. ಬಲಗೈಯಿಂದ ಅದನ್ನು ಮೇಜಿಗೆ ಒತ್ತಿ ಹಿಡಿದು ಓದಿದಳು: "ಧ್ವನಿಮುದ್ರಣವೆಂದರೆ ಕ್ಯಾಸೆಟ್ಟುಗಳಲ್ಲಿರುವ ಧ್ವನಿ, ಆ ಧ್ವನಿಯ ಗುಣಲಕ್ಷಣಗಳು, ಹಾಗೂ ಅವುಗಳಿಂದ ಮುಂದೆ ತಯಾರಿಸಬಹುದಾದ ಎಲ್ಲ ಧ್ವನಿಗಳು. ಇವುಗಳ ಸಂಪೂರ್ಣ ಹಕ್ಕು ಕಂಪನಿಗೆ ಸೇರಿದ್ದು." ನಡುವೆ ಎರಡು ಸಲ ಕೆಮ್ಮಿದಳು. ಕೆಮ್ಮನ್ನು ಅಳಿಸಲಿಲ್ಲ.

ಹೊರಬಂದು ಅದನ್ನು ಪಟ್ಟಿಗೆ ಸೇರಿಸಿದಳು. ಸದಸ್ಯರ ಫೋನಿಗೆ ಹೋಗಬೇಕೆಂದರೆ ಕಂಪನಿಯ ಕಂಪ್ಯೂಟರಿನ ಮೂಲಕವೇ ಹೋಗಬೇಕು, ಬೇರೆ ದಾರಿ ಇರಲಿಲ್ಲ. ಇದಕ್ಕೂ ಕೆಂಪು ಬೀಳುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಯಂತ್ರ ಸ್ವಲ್ಪ ಹೊತ್ತು ಗಿರಗಿರ ಸುತ್ತಿತು.

"ಏನಾಯ್ತು?" ಎಂದರು ಸೆಕ್ರೆಟರಿ.

ಓದಕ್ಕ ಕನ್ನಡಕ ಒರೆಸಿದಳು.

"ಏನಾಯ್ತು ಅಂದ್ರೆ!"

"ಹಸಿರು ಸಾರ್."

"ಸರಿಯಾಗಿ ನೋಡಿ."

"ಹಸಿರೇ. ಅದಕ್ಕೆ ನಾನು ಯಾರು ಅಂತ ಗೊತ್ತಾಗಲಿಲ್ಲ."

ಸೆಕ್ರೆಟರಿ ಹೊಟ್ಟೆಯಲ್ಲಿ ಏನೋ ಕುಲುಕಿದ ಹಾಗೆ ನಗತೊಡಗಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ನಿಮ್ಮದು ಅಷ್ಟು ಕೆಟ್ಟುಹೋಗಿದೆಯಾ ಅಕ್ಕಾ?"

"ಹೋಗಿದೆ ಅಂತ ಕಾಣುತ್ತೆ ಸಾರ್," ಎಂದಳು. ಅವಳಿಗೂ ನಗು ಬಂತು. ನಕ್ಕರೆ ಗಂಟಲು ಉರಿಯಿತು.

ಶುಕ್ರವಾರ ಸಭೆಯಲ್ಲಿ ಅದನ್ನು ಹಾಕಿದರು. ಬೈದವರು ಬೈದರು. ವಕೀಲರ ಹತ್ತಿರ ಹೋಗೋಣ ಎಂದವರು ಎಂದರು, ಹೋಗಿಯೂ ಬಂದರು. ವಕೀಲರು ಕಾಗದ ಮೂಸಿ ನೋಡಿ, ಕೇಸು ಹಾಕಬಹುದು, ಆರೇಳು ವರ್ಷ ಹಿಡಿಯಬಹುದು ಎಂದರು. ಕೇಸು ಹಾಕಿದರು. ಆರೇಳು ವರ್ಷ ಎಂದಾಗ ಸೆಕ್ರೆಟರಿಯೂ ಓದಕ್ಕನೂ ತಮ್ಮ ತಮ್ಮ ವಯಸ್ಸು ಕೂಡಿಸಿ ನೋಡಿಕೊಂಡರು, ಬಾಯಿಬಿಟ್ಟು ಹೇಳಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಪಟ್ಟಿ ತೆರೆದರೆ ಕೆಂಪೆಲ್ಲ ಹೋಗಿತ್ತು. ಇಪ್ಪತ್ತೊಂಬತ್ತು ವರ್ಷ ಹೋಗಿತ್ತು. ಇದ್ದದ್ದು ಒಂದೇ ಒಂದು ಸಾಲು, ಆ ಒಪ್ಪಂದ, ಅದರ ಮುಂದೊಂದು ಹಸಿರು ಚುಕ್ಕೆ. ಓದಕ್ಕ ಅದನ್ನೇ ನೋಡುತ್ತ ಕೂತಳು. ಅಳು ಬರುತ್ತದೆ ಎಂದುಕೊಂಡಿದ್ದಳು, ಬರೀ ಆಕಳಿಕೆ ಬಂತು.

ದಿನಕ್ಕೆ ಇಪ್ಪತ್ತು ನಿಮಿಷ, ಅದಕ್ಕಿಂತ ಒಂದು ನಿಮಿಷ ಹೆಚ್ಚು ಓದಿದರೂ ನಾನು ಬಂದು ಮೈಕು ಕಿತ್ತುಹಾಕುತ್ತೇನೆ ಎಂದು ತಂಗಿ ಹೇಳಿ ಕಳಿಸಿದ್ದಳು. ದಿನಕ್ಕೆ ಇಪ್ಪತ್ತು ನಿಮಿಷವಾದರೆ ವರ್ಷಕ್ಕೆ ಎರಡು ಪುಸ್ತಕ, ಬಹಳವೆಂದರೆ ಮೂರು. ಮುನ್ನೂರ ಹನ್ನೆರಡರಲ್ಲಿ ಯಾವುದು ಮೊದಲು ಎಂದು ಸೆಕ್ರೆಟರಿ ಕೇಳಿದಾಗ ಅವಳು ಯೋಚಿಸಲೇ ಇಲ್ಲ. ಕಪಾಟಿನಿಂದ ಆ ದಪ್ಪ ಕಾದಂಬರಿ ತೆಗೆದು, ಮೊದಲಿನ ಹದಿನೇಳು ಅಧ್ಯಾಯ ಆಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟು, ಹದಿನೆಂಟನೆಯದಕ್ಕೆ ಬೆರಳಿಟ್ಟಳು.

ಟೈಪಿಸ್ಟಮ್ಮನಿಗೆ ಅದು ಫೋನಿಗೆ ಬರುವವರೆಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ಬಂದು ಆ ಗೂಡಿನ ಕೋಣೆಯಲ್ಲೇ, ಕಂಬಳಿಯ ಗೋಡೆಗೆ ಒರಗಿ ಕೂತರು. "ಉಸಿರಾಡೋದು ಮೈಕಿಗೆ ಕೇಳಿಸಬಾರದು," ಎಂದು ಸೆಕ್ರೆಟರಿ ಹೊರಗಿನಿಂದ ಗದರಿದರು.

ಓದಕ್ಕ ಅರ್ಧ ಪುಟ ಓದಿ, ಕೆಮ್ಮಿ, ನೀರು ಕುಡಿದಳು. ಹುಡುಗಿ ಇನ್ನೂ ಬಾವಿಕಟ್ಟೆಯ ಮೇಲೇ ಇದ್ದಳು.

"ಹ್ಯಾಗಿದೆ ಅಮ್ಮಾ ಧ್ವನಿ?" ಎಂದು ಕೇಳಿದಳು.

"ಕೇಳೋಕಾಗಲ್ಲ," ಎಂದರು ಟೈಪಿಸ್ಟಮ್ಮ. "ಮುಂದೆ ಓದ್ರೀ."